ಗೋಲಾದ ಮೇಲೆ ಗಡಿಯಾರ ನಿಲ್ಲಬೇಕಾ?

ಗೋಲಾಯಿತು. ಸುತ್ತ ನಿಂತ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಿದ್ದಾರೆ. ಆದರೆ ಮೈದಾನದೊಳಗೆ ಇರುವವರಿಗೆ ಪುರುಸೊತ್ತಿಲ್ಲ. 45 ಸೆಕೆಂಡಿನೊಳಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ನಡೆದು ಹೋಗಿ ನಿಲ್ಲಬೇಕು. ಆಟಗಾರರ ಎತ್ತರ 58 ಸೆಂಟಿಮೀಟರ್, ತೂಕ ಸುಮಾರು ಐದೂವರೆ ಕಿಲೋ. ಮೈದಾನದ ಉದ್ದ 9 ಮೀಟರ್. ನಮಗೆ ಹತ್ತು ಹನ್ನೆರಡು ಹೆಜ್ಜೆಯ ದಾರಿ. ನಾವೋ (Nao) ಎಂಬ ಈ ರೋಬೋಗೆ ಅದೇ ದೊಡ್ಡ ಪ್ರಯಾಣ.

ಹೋಗುತ್ತಾ ಒಂದು ರೋಬೋ ಮುಗ್ಗರಿಸಿ ಅಂಗಾತ ಬೀಳುತ್ತದೆ. ಕೈಗಳನ್ನು ಹಿಂದಕ್ಕೆ ಊರುತ್ತದೆ, ಮೊಣಕಾಲು ಮಡಚುತ್ತದೆ, ಮೆಲ್ಲಗೆ ಎದ್ದು ನಿಲ್ಲುತ್ತದೆ. ಆಮೇಲೆ ತಲೆಯನ್ನು ಅತ್ತಿತ್ತ ತಿರುಗಿಸಿ ನೆಲದ ಬಿಳಿ ಗೆರೆ ಹುಡುಕುತ್ತದೆ. ಬಿದ್ದೆದ್ದ ಮೇಲೆ ತಾನು ಎಲ್ಲಿದ್ದೇನೆ, ಯಾವ ಕಡೆ ಮುಖ ಮಾಡಿದ್ದೇನೆ ಅಂತ ಮತ್ತೆ ಲೆಕ್ಕ ಹಾಕಬೇಕಲ್ಲ.

ಇಷ್ಟೂ ಹೊತ್ತು ಪಂದ್ಯದ ಗಡಿಯಾರ ಓಡುತ್ತಿರಬೇಕಾ, ನಿಲ್ಲಬೇಕಾ?

ಕೇಳಲು ಸಣ್ಣ ಪ್ರಶ್ನೆ. ಆದರೆ ರೋಬೋಗಳ ಫುಟ್‌ಬಾಲ್ ಸ್ಪರ್ಧೆಯಾದ ರೋಬೋಕಪ್‌ನಲ್ಲಿ ಇದರ ಬೆಲೆ ದೊಡ್ಡದು. 1997ರಲ್ಲಿ ಜಪಾನಿನ ನಗೋಯಾದಲ್ಲಿ ಈ ಸ್ಪರ್ಧೆ ಶುರುವಾಯಿತು. 2050ರ ಹೊತ್ತಿಗೆ ಮನುಷ್ಯರೂಪಿ ರೋಬೋಗಳ ತಂಡವೊಂದು ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನು ಸೋಲಿಸಬೇಕು ಎನ್ನುವುದು ಅದರ ಗುರಿ. ಆಡುವಾಗ ಯಾರೂ ರಿಮೋಟ್ ಹಿಡಿದಿರುವುದಿಲ್ಲ. ನೋಡುವುದು, ಯೋಚಿಸುವುದು, ಒದೆಯುವುದು ಎಲ್ಲ ರೋಬೋದ್ದೇ.

ನಾವೋಗಳೇ ಆಡುವ ಲೀಗ್‌ನ 2025ರವರೆಗಿನ ನಿಯಮದಲ್ಲಿ ಒಂದು ಅರ್ಧ ಎಂದರೆ 10 ನಿಮಿಷ. ಈಗ ಲೆಕ್ಕ ಹಾಕಿ. ಗೋಲಾದ ಮೇಲೆ ಜಾಗಕ್ಕೆ ಮರಳಲು 45 ಸೆಕೆಂಡ್. ರೆಫರಿ ಎಲ್ಲ ಸರಿಯಿದೆಯಾ ಎಂದು ನೋಡಿ ಸೀಟಿ ಊದಲು ಇನ್ನೊಂದಿಷ್ಟು. ಹೆಚ್ಚೂ ಕಡಿಮೆ ಒಂದು ನಿಮಿಷ ಅನ್ನಿ. ಬಲವಾದ ತಂಡವೊಂದು ಆರು ಗೋಲು ಹೊಡೆದರೆ, ಗಡಿಯಾರ ಓಡುತ್ತಲೇ ಇದ್ದರೆ, ಹತ್ತರಲ್ಲಿ ಆರು ನಿಮಿಷ ನಡಿಗೆಯಲ್ಲೇ ಹೋಯಿತು. ಉಳಿದ ಆಟ ನಾಲ್ಕೇ ನಿಮಿಷ! ಇದಕ್ಕಾಗಿ ಒಂದು ವರ್ಷ ನಿದ್ದೆಗೆಟ್ಟು ಕೋಡ್ ಬರೆದವರ ಹೊಟ್ಟೆ ಉರಿಯುವುದಿಲ್ಲವಾ?

ಮನುಷ್ಯರ ಫುಟ್‌ಬಾಲ್‌ನಲ್ಲೂ ಈ ಜಗಳ ಇದೆ. ಅಲ್ಲಿ ಗಡಿಯಾರ ನಿಲ್ಲುವುದಿಲ್ಲ, ಹಾಳಾದ ಸಮಯವನ್ನು ರೆಫರಿ ಕೊನೆಗೆ ಸೇರಿಸುತ್ತಾರೆ. ನಿಯಮ ರೂಪಿಸುವ ಐಎಫ್‌ಎಬಿ 2017ರಲ್ಲಿ ಬೇರೆ ದಾರಿಯೊಂದನ್ನು ಚರ್ಚೆಗಿಟ್ಟಿತ್ತು. ಅರ್ಧಕ್ಕೆ 30 ನಿಮಿಷ ಸಾಕು, ಚೆಂಡು ಆಟದಲ್ಲಿಲ್ಲದಾಗ ಗಡಿಯಾರ ನಿಲ್ಲಲಿ ಎಂದು. ಅದು ಜಾರಿಗೆ ಬರಲಿಲ್ಲ.

ಹಾಗಾದರೆ ರೋಬೋ ಪಂದ್ಯದಲ್ಲಿ ನಿಲ್ಲಿಸಿಬಿಡಬಹುದಲ್ಲ? ಅಷ್ಟು ಸುಲಭವಲ್ಲ. ಹತ್ತು ನಿಮಿಷದ ಅರ್ಧ ಹದಿನಾರು ನಿಮಿಷವಾದರೆ ಮುಂದಿನ ಪಂದ್ಯ ತಡ, ಅದರ ಮುಂದಿನದು ಇನ್ನೂ ತಡ. ಮೈದಾನ ಕೆಲವೇ ಇರುತ್ತವೆ, ತಂಡಗಳು ಜಾಸ್ತಿ. ಇನ್ನೊಂದು ತೊಂದರೆ ರೋಬೋದ ಮೊಣಕಾಲಿನದು. ನಾವೋ ಕಾಲು ಸ್ವಲ್ಪ ಬಗ್ಗಿಸಿಕೊಂಡೇ ನಡೆಯುತ್ತದೆ. ಮೈಭಾರವೆಲ್ಲ ಮೊಣಕಾಲಿನ ಮೋಟಾರಿನ ಮೇಲೆ ಬೀಳುತ್ತದೆ. ಅದು ಬಿಸಿಯಾಗುತ್ತಾ ಹೋಗುತ್ತದೆ, ಬಿಸಿಯಾದಂತೆ ಬಲ ಕುಗ್ಗುತ್ತದೆ, ರೋಬೋ ಓಲಾಡಿ ಬೀಳಲು ಶುರುಮಾಡುತ್ತದೆ. ಸುಮ್ನೆ ನಿಂತರೂ ಬಿಸಿ ತಪ್ಪಿದ್ದಲ್ಲ.

ಹಾಗಾಗಿ ಒಂದು ರಾಜಿಸೂತ್ರ ಬಳಕೆಗೆ ಬಂತು. ಆರಂಭದ ಸುತ್ತಿನ ಪಂದ್ಯಗಳಲ್ಲಿ ಗಡಿಯಾರ ಓಡಲಿ, ಸೋತವರು ಮನೆಗೆ ಹೋಗುವ ನಾಕೌಟ್ ಪಂದ್ಯಗಳಲ್ಲಿ ನಿಲ್ಲಲಿ. ಗೋಲಿನ ಅಂತರ ಹತ್ತಾದರೆ ಪಂದ್ಯವೇ ಮುಗಿಯಲಿ.

ನನ್ನ ಮಟ್ಟಿಗೆ, ಸಾಧ್ಯವಾದ ಕಡೆಯೆಲ್ಲ ನಿಲ್ಲಿಸುವುದೇ ಸರಿ. ಗಡಿಯಾರ ಓಡುತ್ತಿದ್ದರೆ, ಮುಂದಿರುವ ತಂಡಕ್ಕೆ ತನ್ನ ರೋಬೋಗಳನ್ನು ನಿಧಾನ ನಡೆಸುವುದೇ ಲಾಭ. ವಿಜ್ಞಾನಕ್ಕೆ ಬೇಕಾದದ್ದು ಅದರ ಉಲ್ಟಾ, ಅಲ್ವಾ? ಗಡಿಯಾರ ನಿಂತರೆ ಆ ಆಸೆ ಇರುವುದಿಲ್ಲ. ನಡೆಯುವುದಕ್ಕೂ ಸಮಯ ಸಿಗುತ್ತದೆ, ಆಡುವುದಕ್ಕೂ ಸಿಗುತ್ತದೆ.

ಆದರೆ ಆ 45 ಸೆಕೆಂಡನ್ನು ಮಾತ್ರ ಸಡಿಲ ಮಾಡಬಾರದು. ರೋಬೋಗಳು ತಮ್ಮ ಜಾಗ ತಾವೇ ಹುಡುಕಿಕೊಳ್ಳುವುದನ್ನು ಚೆನ್ನಾಗಿ ಕಲಿತದ್ದು ಇಂಥ ಗಡುವುಗಳಿಂದಲೇ.

ಸೀಟಿಯ ನಿಯಮವೂ ಅಷ್ಟೇ ಚೆಂದ. ಮೊದಲು ಆಟ ಶುರು ಎಂಬ ಸಂದೇಶ ವೈಫೈ ಮೂಲಕ ತಕ್ಷಣ ಹೋಗುತ್ತಿತ್ತು. ಆಮೇಲೆ ರೋಬೋ ತನ್ನ ಕಿವಿಯಿಂದಲೇ, ಅಂದರೆ ಮೈಕ್ರೋಫೋನಿನಿಂದ, ರೆಫರಿಯ ಸೀಟಿ ಕೇಳಬೇಕೆಂದು ಮಾಡಿದರು. ಕೇಳಿಸದಿದ್ದರೆ ವೈಫೈ ಸಂದೇಶ ಬರುತ್ತದೆ, ಆದರೆ 15 ಸೆಕೆಂಡ್ ತಡವಾಗಿ. ಸಭಾಂಗಣದ ಗದ್ದಲ, ಪಕ್ಕದ ಮೈದಾನದ ಸೀಟಿ, ಇವುಗಳ ನಡುವೆ ತನ್ನ ಪಂದ್ಯದ ಸೀಟಿಯನ್ನೇ ಗುರುತಿಸಬೇಕು. ಕೇಳಿಸಿಕೊಂಡ ತಂಡ ಚೆಂಡಿನ ಕಡೆ ಹೆಜ್ಜೆ ಹಾಕುತ್ತದೆ. ಕೇಳಿಸದ ತಂಡದ ರೋಬೋಗಳು ಹಾಗೇ ನಿಂತಿರುತ್ತವೆ. ಬದಿಯಲ್ಲಿ ಅವುಗಳ ಕೋಡ್ ಬರೆದ ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಿರುತ್ತಾರೆ.