ಹಾಯಿದೋಣಿಯ ಶಾಫ್ಟ್ ಸೀಲ್: ಹಗ್ಗದ ಗ್ಲ್ಯಾಂಡ್ ತೆಗೆದು ಹನಿಯದ ಸೀಲ್ ಕೂರಿಸುವುದು

ಹೊಲದ ಪಂಪ್‌ಸೆಟ್ಟಿನ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡವರಿಗೆ ಹಳೆಯ ಹಾಯಿದೋಣಿಗಳ ಶಾಫ್ಟ್ ಸೀಲ್ ತೀರಾ ಹೊಸದೆನಿಸುವುದಿಲ್ಲ. ದೋಣಿಯೊಳಗಿನ ಎಂಜಿನ್ನನ್ನು ಹೊರಗಿನ ಪ್ರೊಪೆಲ್ಲರಿಗೆ ಜೋಡಿಸುವ ಶಾಫ್ಟ್, ಸ್ಟರ್ನ್ ಟ್ಯೂಬ್ ಎಂಬ ಕೊಳವೆಯ ಮೂಲಕ ನೀರಿಗಿಳಿಯುತ್ತದೆ. ಆ ಕೊಳವೆಯ ಒಳತುದಿಯಲ್ಲಿ, ಜಿಡ್ಡು ಹಿಡಿಸಿದ ಚೌಕಾಕಾರದ ನಾರಿನ ಹಗ್ಗವನ್ನು ಉಂಗುರಗಳಾಗಿ ಕತ್ತರಿಸಿ, ಒಂದರ ಸೀಳು ಇನ್ನೊಂದರ ಸೀಳಿನ ಮೇಲೆ ಬಾರದಂತೆ ಕೂರಿಸಿ, ದೊಡ್ಡ ನಟ್ಟಿನಿಂದ ಅದುಮಿರುತ್ತಾರೆ; ಇದೇ ಹಗ್ಗದ ಗ್ಲ್ಯಾಂಡ್. ಶಾಫ್ಟ್ ತಿರುಗುವಾಗ ಇಲ್ಲಿ ನಿಮಿಷಕ್ಕೆ ಕೆಲವು ಹನಿಗಳಾದರೂ ಬೀಳಲೇಬೇಕು, ಏಕೆಂದರೆ ಹಗ್ಗವನ್ನು ತಣ್ಣಗಿಡುವುದು ಆ ನೀರೇ. ಹನಿ ನಿಲ್ಲಿಸುವ ಹಟದಲ್ಲಿ ನಟ್ಟನ್ನು ಪೂರ್ತಿ ಬಿಗಿದರೆ ಹಗ್ಗ ಕಾದು ಗಟ್ಟಿಯಾಗಿ, ಶಾಫ್ಟನ್ನೇ ಸವೆಸಿ ಗೆರೆ ಕೊರೆಯುತ್ತದೆ. ಸಡಿಲ ಬಿಟ್ಟು ಸೆಕೆಂಡಿಗೊಂದು ಹನಿ ಬೀಳತೊಡಗಿದರೆ ದಿನಕ್ಕೆ ಸುಮಾರು 4 ಲೀಟರ್ ನೀರು ದೋಣಿಯ ತಳ ಸೇರುತ್ತದೆ.

ಹನಿಯದ ಸೀಲಿನ ತತ್ತ್ವ ಬೇರೆ. ಮನೆಯ ನೀರೆತ್ತುವ ಪಂಪಿನ ಮೆಕ್ಯಾನಿಕಲ್ ಸೀಲಿನಲ್ಲಿರುವಂತೆ ಇಲ್ಲಿಯೂ ಎರಡು ನಯವಾದ ಮುಖಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಪಿಎಸ್‌ಎಸ್ (ಪ್ಯಾಕ್‌ಲೆಸ್ ಸೀಲಿಂಗ್ ಸಿಸ್ಟಮ್) ಮಾದರಿಯಲ್ಲಿ, ಸ್ಟರ್ನ್ ಟ್ಯೂಬಿಗೆ ಹೋಸ್ ಕ್ಲಿಪ್‌ಗಳಿಂದ ಬಿಗಿದ, ಮಡಿಕೆಗಳುಳ್ಳ ರಬ್ಬರ್ ಕೊಳವೆಯಾದ ಬೆಲ್ಲೋಸಿನ ಮುಂತುದಿಯಲ್ಲಿ ಕಾರ್ಬನ್ ಉಂಗುರ ತಿರುಗದೆ ನಿಂತಿರುತ್ತದೆ. ಅದರ ಎದುರಿಗೆ ರೋಟರ್ ಎಂಬ ಸ್ಟೇನ್‌ಲೆಸ್ ಸ್ಟೀಲಿನ ಉಂಗುರ ಶಾಫ್ಟಿನೊಂದಿಗೆ ತಿರುಗುತ್ತದೆ. ಶಾಫ್ಟ್ ಮತ್ತು ರೋಟರಿನ ನಡುವಿನ ಸಂದನ್ನು ರೋಟರಿನೊಳಗಿನ ಓ-ರಿಂಗ್‌ಗಳು ಮುಚ್ಚುತ್ತವೆ.

ನನಗೆ ಅರ್ಥವಾಗಲು ಹೆಚ್ಚು ಸಮಯ ಹಿಡಿದದ್ದು ಬೆಲ್ಲೋಸಿನ ಪಾತ್ರ. ಅದು ಬರೀ ಕೊಳವೆಯಲ್ಲ, ಸ್ಪ್ರಿಂಗ್ ಕೂಡ ಹೌದು. ದೋಣಿ ಮುಂದಕ್ಕೆ ಸಾಗುವಾಗ ಪ್ರೊಪೆಲ್ಲರಿನ ಒತ್ತಡಕ್ಕೆ ಎಂಜಿನ್ನಿನ ರಬ್ಬರ್ ಮೌಂಟುಗಳು ಬಾಗಿ, ಶಾಫ್ಟ್ ತುಸು ಮುಂದೆ ಸರಿಯುತ್ತದೆ, ಅಂದರೆ ರೋಟರ್ ಕಾರ್ಬನ್ನಿನಿಂದ ದೂರವಾಗಲು ನೋಡುತ್ತದೆ. ಆಗ ಅದುಮಿಟ್ಟ ಬೆಲ್ಲೋಸ್ ಹಿಗ್ಗಿ ಕಾರ್ಬನ್ನನ್ನು ರೋಟರಿನ ಬೆನ್ನಿಗೇ ಒಯ್ಯಬೇಕು. ಅದುಮಿದ್ದು ಕಡಿಮೆಯಾದರೆ ಮುಖಗಳು ಬಿಡಿಸಿಕೊಂಡು ನೀರು ಚಿಮ್ಮುತ್ತದೆ. ಆದ್ದರಿಂದ ಬೆಲ್ಲೋಸನ್ನು ಎಷ್ಟು ಅದುಮಬೇಕೆಂಬ ಅಳತೆ ಮುಖ್ಯ: 1 ಇಂಚಿನ ಶಾಫ್ಟಿಗೆ ಸುಮಾರು ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಬೇರೆ ಗಾತ್ರಗಳಿಗೆ ತಯಾರಕರ ಪಟ್ಟಿಯನ್ನೇ ನೋಡಬೇಕು.

ಹಗ್ಗದ ಗ್ಲ್ಯಾಂಡ್ ಕೆಡುವಾಗ ಮೊದಲು ಹನಿ ಹೆಚ್ಚಿಸಿ ಎಚ್ಚರಿಸುತ್ತದೆ. ಈ ಸೀಲಿನಲ್ಲಿ ಬೆಲ್ಲೋಸ್ ಹರಿದರೆ ಅಥವಾ ರೋಟರ್ ಜಾರಿದರೆ ನೀರು ಒಮ್ಮೆಲೇ ನುಗ್ಗಬಹುದು. ಒಂದು ಅಂದಾಜು ಲೆಕ್ಕ ಹಾಕೋಣ. 25 ಮಿ.ಮೀ. ಶಾಫ್ಟಿನ ಸುತ್ತ 3 ಮಿ.ಮೀ. ಸಂದಿದ್ದು, ಅದು ನೀರಿನ ಮಟ್ಟಕ್ಕಿಂತ 40 ಸೆಂ.ಮೀ. ಕೆಳಗಿದ್ದರೆ, ನಿಮಿಷಕ್ಕೆ 25 ಲೀಟರಿಗೂ ಹೆಚ್ಚು ನೀರು ಒಳಬರಬಲ್ಲದು. ಮುಂದಿನ ಎಚ್ಚರಿಕೆಗಳಿಗೆಲ್ಲ ಕಾರಣ ಈ ಸಂಖ್ಯೆ.

ಸೀಲಿನ ಭಾಗಗಳನ್ನು ಶಾಫ್ಟಿನ ಒಳತುದಿಯಿಂದಲೇ ತೂರಿಸಬೇಕಾದ್ದರಿಂದ, ದೋಣಿಯನ್ನು ದಡಕ್ಕೆತ್ತಿದ ಮೇಲೆ ಮೊದಲು ಶಾಫ್ಟನ್ನು ಗೇರ್‌ಬಾಕ್ಸಿಗೆ ಕೂಡಿಸುವ ಕಪ್ಲಿಂಗ್ ಬಿಚ್ಚಬೇಕು. ವರ್ಷಗಟ್ಟಲೆ ತುಕ್ಕು ಹಿಡಿದ ಕಪ್ಲಿಂಗ್ ಅಷ್ಟು ಸುಲಭವಾಗಿ ಬರುವುದಿಲ್ಲ. ಅದನ್ನು ಶಾಫ್ಟಿಗೆ ಹಿಡಿದಿಟ್ಟ ಸ್ಕ್ರೂಗಳನ್ನು ತೆಗೆದು, ಶಾಫ್ಟಿಗಿಂತ ಸಣ್ಣ ವ್ಯಾಸದ ಸಾಕೆಟ್ಟನ್ನು ಶಾಫ್ಟಿನ ತುದಿಗೂ ಗೇರ್‌ಬಾಕ್ಸಿನ ಫ್ಲೇಂಜಿಗೂ (ಕಪ್ಲಿಂಗ್ ಕೂರುವ ಚಪ್ಪಟೆ ತಟ್ಟೆ) ನಡುವೆ ಇಟ್ಟು, ಉದ್ದನೆಯ ಬೋಲ್ಟುಗಳನ್ನು ಎಲ್ಲ ಬದಿಯಲ್ಲೂ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದರೆ ಕಪ್ಲಿಂಗ್ ಕಳಚಿ ಬರುತ್ತದೆ. ಸುತ್ತಿಗೆಯ ಏಟು ಗೇರ್‌ಬಾಕ್ಸಿನ ಬೇರಿಂಗಿಗೆ ಕೆಟ್ಟದ್ದು.

ಹಳೆಯ ಗ್ಲ್ಯಾಂಡ್ ತೆಗೆದ ಮೇಲೆ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಹಗ್ಗ ಕೊರೆದ ಗೆರೆಗೆ ಉಗುರು ಸಿಕ್ಕಿಕೊಂಡರೆ ಓ-ರಿಂಗ್ ಅಲ್ಲಿ ನೀರು ತಡೆಯಲಾರದು. ರೋಟರ್ ನಯವಾದ ಜಾಗದಲ್ಲಿ ಕೂರುವಂತಿರಬೇಕು. ಕಪ್ಲಿಂಗನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡಾದ ಕೀ ಕೂರುವ ತೋಡಿನ ಅಂಚು ಓ-ರಿಂಗನ್ನು ಸೀಳದಂತೆ ಅದರ ಮೇಲೆ ಟೇಪ್ ಸುತ್ತಿ, ಸಾಬೂನು ನೀರು ಹಚ್ಚಿ ರೋಟರನ್ನು ತೂರಿಸಬೇಕು. ಕಾರ್ಬನ್ನಿನ ಮುಖಕ್ಕೆ ಗ್ರೀಸಾಗಲಿ ಎಣ್ಣೆಯಾಗಲಿ ತಾಗಬಾರದು.

ಕಪ್ಲಿಂಗನ್ನು ಮತ್ತೆ ಜೋಡಿಸಿದ ನಂತರ, ರೋಟರ್ ಕಾರ್ಬನ್ನನ್ನು ಬರಿದೇ ಮುಟ್ಟುವಲ್ಲಿ ಶಾಫ್ಟಿಗೆ ಗುರುತು ಹಾಕಿ, ಅಲ್ಲಿಂದ ಅಳತೆಯಷ್ಟು ಹಿಂದಕ್ಕೆ ಒತ್ತಿ ಹಿಡಿದು ಸ್ಕ್ರೂ ಬಿಗಿಯಬೇಕು. ಪ್ರತಿ ತೂತಿನಲ್ಲೂ ಎರಡು ಸ್ಕ್ರೂಗಳಿರುತ್ತವೆ: ಮೊದಲನೆಯದು ಶಾಫ್ಟನ್ನು ಕಚ್ಚುತ್ತದೆ, ಎರಡನೆಯದು ಮೊದಲನೆಯದು ಸಡಿಲವಾಗದಂತೆ ಅದರ ಮೇಲೆ ಕೂರುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂವಿನ ಮೊನೆ ಮೊಂಡಾಗಿರುತ್ತದೆ; ಅದನ್ನು ಮತ್ತೆ ಬಳಸಲೇಬಾರದು. ರೋಟರಿನ ಮುಂದೆ ಶಾಫ್ಟಿಗೆ ಇನ್ನೊಂದು ಕಾಲರ್ ಬಿಗಿದರೆ, ಸ್ಕ್ರೂಗಳು ಕೈಕೊಟ್ಟರೂ ರೋಟರ್ ಸರಿಯುವುದಿಲ್ಲ. ಇದು ನನ್ನ ಮಟ್ಟಿಗೆ ಬಿಡಬಾರದ ಖರ್ಚು.

ದೋಣಿಯನ್ನು ನೀರಿಗಿಳಿಸಿದಾಗ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಕಾರ್ಬನ್ ಒಣಗಿಯೇ ಉಜ್ಜಿ ಕಾಯುತ್ತದೆ. ಗಾಳಿ ಹೋಗಲು ಹೋಸ್ ಇರುವ ಮಾದರಿಯಲ್ಲಿ ಅದರ ಮೇಲ್ತುದಿಯನ್ನು ನೀರಿನ ಮಟ್ಟಕ್ಕಿಂತ ಸುಮಾರು 60 ಸೆಂ.ಮೀ. ಮೇಲೆ ಕಟ್ಟಬೇಕು. ಹೋಸ್ ಇಲ್ಲದಿದ್ದರೆ, ಪ್ರತಿ ಬಾರಿ ನೀರಿಗಿಳಿಸಿದಾಗಲೂ ಕಾರ್ಬನ್ನನ್ನು ಕೈಯಿಂದ ಹಿಂದಕ್ಕೆಳೆದು, ಗಾಳಿ ಹೋಗಿ ನೀರು ಬರುವವರೆಗೆ ಹಿಡಿದಿರಬೇಕು.

ದೋಣಿಯ ಒಡಲು ನೀರಿನಲ್ಲಿ ತುಸು ಆಕಾರ ಬದಲಿಸುವುದರಿಂದ ಎಂಜಿನ್ ಅಲೈನ್‌ಮೆಂಟನ್ನು, ಅಂದರೆ ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿವೆಯೇ ಎಂಬುದನ್ನು, ಒಂದೆರಡು ದಿನ ಬಿಟ್ಟು, ನೀರಿನಲ್ಲಿಯೇ ನೋಡಬೇಕು. ಕಪ್ಲಿಂಗ್ ಮುಖಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿದಾಗ, 4 ಇಂಚಿನ ಫ್ಲೇಂಜಿನಲ್ಲಿ ಒಂದು ಬದಿಗೂ ಎದುರು ಬದಿಗೂ ಸಂದಿನಲ್ಲಿ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಮೊದಲ ಕೆಲವು ಗಂಟೆಗಳ ಓಟದಲ್ಲಿ ಸುತ್ತ ಕಪ್ಪು ಪುಡಿ ಕಂಡರೆ ಗಾಬರಿ ಬೇಡ. ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವ ಹಂತ ಅದು. ಮುಂದೆ ವರ್ಷಕ್ಕೊಮ್ಮೆ ಬೆಲ್ಲೋಸಿನ ಮಡಿಕೆಗಳನ್ನು ಹೆಬ್ಬೆರಳಿನಿಂದ ಅಗಲಿಸಿ ಬಿರುಕು ಹುಡುಕಬೇಕು, ಕ್ಲಿಪ್‌ಗಳ ಕೆಳಭಾಗದ ತುಕ್ಕನ್ನು ಕನ್ನಡಿ ಹಿಡಿದು ನೋಡಬೇಕು. ತಯಾರಕರು ಬೆಲ್ಲೋಸನ್ನು 6 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಕೂರಿಸಿದ ತಿಂಗಳು ಮತ್ತು ವರ್ಷವನ್ನು ಚೀಟಿಯಲ್ಲಿ ಬರೆದು ಎಂಜಿನ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ.