ಕಣಿಕಿಯ ಪುಡಿ, ಬೆಳಕು ಮತ್ತು ಆಕಳ ಹೊಟ್ಟೆ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆ ಹಿಂಗಾರಿ ಜೋಳದ ರಾಶಿ ಮುಗಿಯುತ್ತಲೇ ಕಣಿಕಿ, ಅಂದರೆ ತೆನೆ ಕೊಯ್ದ ಮೇಲೆ ಉಳಿದ ಒಣ ದಂಟು-ಎಲೆಯ, ವ್ಯಾಪಾರ ಶುರು. ಕೊಳ್ಳುವವರು ಸೂಡಿನಿಂದ ಒಂದು ದಂಟು ಎಳೆದು ಮುರಿಯುತ್ತಾರೆ, ಎಲೆ ಎಷ್ಟು ಉಳಿದಿದೆ ನೋಡುತ್ತಾರೆ, ಬೆಂಡು ಅಗಿದು ಸಿಹಿ ಹುಡುಕುತ್ತಾರೆ. ಇದನ್ನು ಬರೀ ಅಂದಾಜು ಎಂದು ತಳ್ಳಿಹಾಕುವಂತಿಲ್ಲ. ಹೈದರಾಬಾದಿನ ಮೇವಿನ ಪೇಟೆಯಲ್ಲಿ ಜೋಳದ ಒಣ ಮೇವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ನೂರಕ್ಕೆ 47 ಪಾಲು ಜೀರ್ಣವಾಗುವ ಮೇವಿಗೂ 52 ಪಾಲು ಜೀರ್ಣವಾಗುವ ಮೇವಿಗೂ ಬೆಲೆಯಲ್ಲಿ ಸುಮಾರು ಕಾಲು ಭಾಗದಷ್ಟು ಅಂತರವಿತ್ತು. ಐದೇ ಅಂಕ, ಆದರೆ ದಿನಕ್ಕೆ 8 ಕಿಲೋ ಒಣ ಮೇವು ತಿನ್ನುವ ಆಕಳಿಗೆ ಅದು 400 ಗ್ರಾಂ ಹೆಚ್ಚಿನ ಆಹಾರ.

ಆ ಅಂಕವನ್ನು ಪಡೆಯುವ ಹಳೆಯ ದಾರಿ ಬಲು ಉದ್ದ. ದನವನ್ನು ಹತ್ತು ಹದಿನಾಲ್ಕು ದಿನ ಅದೇ ಮೇವಿಗೆ ಹೊಂದಿಸಿ, ಆಮೇಲೆ ವಾರವಿಡೀ ತಿಂದದ್ದನ್ನೂ ಹಾಕಿದ ಸಗಣಿಯನ್ನೂ ತೂಗಬೇಕು. 1963ರಲ್ಲಿ ಟಿಲ್ಲಿ ಮತ್ತು ಟೆರ್ರಿ ಎಂಬ ವಿಜ್ಞಾನಿಗಳು ಇದನ್ನು ಗಾಜಿನ ನಳಿಕೆಗೆ ಇಳಿಸಿದರು. ಅರ್ಧ ಗ್ರಾಂ ಪುಡಿ, 40 ಮಿಲಿಲೀಟರ್ ಕೃತಕ ಜೊಲ್ಲು, ಮೆಲುಕು ಚೀಲದಿಂದ ತೆಗೆದ 10 ಮಿಲಿಲೀಟರ್ ರಸ; 38 ಡಿಗ್ರಿಯಲ್ಲಿ 48 ತಾಸು. ನಂತರ ಪೆಪ್ಸಿನ್ ಎಂಬ ಜೀರ್ಣ ಕಿಣ್ವ ಮತ್ತು ಆಮ್ಲದಲ್ಲಿ ಇನ್ನೂ 48 ತಾಸು. ಕೊನೆಗೆ ಕರಗದೆ ಉಳಿದದ್ದನ್ನು ತೂಗುವುದು. ನಾಲ್ಕು ದಿನ ಬೇಕು, ರಸ ಕೊಡಲು ಹೊಟ್ಟೆಗೆ ತೂತು ಕೊರೆದು ಸಾಕಿದ ದನವೂ ಬೇಕು.

ನಿಯರ್ ಇನ್‌ಫ್ರಾರೆಡ್ ಯಂತ್ರ ಇದೇ ಅಂಕವನ್ನು ಒಂದೆರಡು ನಿಮಿಷದಲ್ಲಿ ಕೊಡುತ್ತದೆ. ಬಟ್ಟಲಿಗೆ ತುಂಬಿದ ಪುಡಿಯ ಮೇಲೆ 1100ರಿಂದ 2500 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಎಷ್ಟು ಹಿಂದಿರುಗಿತು ಎಂದು ನೋಡುತ್ತದೆ. ನೀರು 1450 ಮತ್ತು 1940ರ ಸುತ್ತ ಬೆಳಕನ್ನು ನುಂಗುತ್ತದೆ, ಪ್ರೋಟೀನು 2180ರ ಸುತ್ತ, ಕೊಬ್ಬು 2310ರ ಸುತ್ತ. ಮೇವಿನ ಗುಣಮಟ್ಟವನ್ನು ಹೀಗೆ ಓದಬಹುದೆಂದು ಅಮೆರಿಕದ ಕಾರ್ಲ್ ನಾರಿಸ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು.

ಆದರೆ ಜೀರ್ಣವಾಗುವ ಗುಣಕ್ಕೆ ನೀರು, ಕೊಬ್ಬಿನ ಹಾಗೆ ತನ್ನದೇ ಒಂದು ಗುರುತಿನ ಅಲೆಯುದ್ದ ಇಲ್ಲ. ಯಂತ್ರ ಅದನ್ನು ಅಳೆಯುವುದೂ ಇಲ್ಲ. ನಳಿಕೆಯಲ್ಲಿ ಪರೀಕ್ಷೆಯಾದ ನೂರಿನ್ನೂರು ಮಾದರಿಗಳ ಬೆಳಕಿನ ಗೆರೆಗಳನ್ನು (ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕು ಹಿಂದಿರುಗಿತೆಂಬ ನಕ್ಷೆ) ಅವುಗಳ ಅಂಕದ ಜೊತೆ ತಾಳೆ ಹಾಕಿ, ಹೊಸ ಗೆರೆಗೆ ಹತ್ತಿರದ ಅಂಕ ಊಹಿಸುತ್ತದೆ, ಅಷ್ಟೇ. ನಳಿಕೆಯ ಅಂಕವೇ ಎರಡು ಸಲ ಮಾಡಿದರೆ ಒಂದೆರಡು ಹೆಚ್ಚುಕಡಿಮೆ ಬರುತ್ತದೆ. ಅದರಿಂದ ಕಲಿತ ಯಂತ್ರ ಪರದೆಯ ಮೇಲೆ 51.37 ಎಂದು ತೋರಿಸಿದರೆ ಆ ದಶಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ. ಭತ್ತದ ಹುಲ್ಲಿನ ಮೇಲೆ ಕಲಿತ ಯಂತ್ರಕ್ಕೆ ಮಾಲದಂಡಿ ಜೋಳದ ಕಣಿಕಿ ಕೊಟ್ಟರೂ ಅದು ಏನೋ ಒಂದು ಅಂಕ ಹೇಳಿಯೇ ಹೇಳುತ್ತದೆ. ಒಳ್ಳೆಯ ತಂತ್ರಾಂಶ ಇಂಥ ಅಪರಿಚಿತ ಮಾದರಿಯನ್ನು, ಕಲಿತ ಗುಂಪಿನಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿ ಗುರುತಿಸುತ್ತದೆ. ತಂತ್ರಾಂಶ ತೋರಿಸುವ ಆ ದೂರದ ಸಂಖ್ಯೆ 3 ದಾಟಿದರೆ ಅಂಕವನ್ನು ಬದಿಗಿಟ್ಟು ಮಾದರಿಯನ್ನು ನಳಿಕೆಗೇ ಕಳಿಸುವುದು ವಾಸಿ.

ಹೆಚ್ಚಿನ ತಪ್ಪುಗಳು ಯಂತ್ರದ ಬಳಿಗೆ ಹೋಗುವ ಮೊದಲೇ ಆಗಿರುತ್ತವೆ. ಬಣವಿಯ ಹೊರಮೈ ಬಿಸಿಲು ಮಳೆಗೆ ಬಿಳಿಚಿರುತ್ತದೆ, ಅದೊಂದನ್ನೇ ಕಿತ್ತು ತರಬಾರದು. ಬೇರೆಬೇರೆ ಎತ್ತರದಿಂದ, ಒಳಗಿನಿಂದಲೂ, 15–20 ಸೂಡು ಎಳೆದು ಪ್ರತಿಯೊಂದರಿಂದ ಒಂದೆರಡು ದಂಟು ತೆಗೆಯಬೇಕು, ಎಲೆ ಉದುರದಂತೆ. ಕಡಬಾ ಕುಟ್ಟಿ ಮಷೀನಿನಲ್ಲಿ ಕತ್ತರಿಸಿ, ತಾಡಪತ್ರಿಯ ಮೇಲೆ ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸುವುದು. 60 ಡಿಗ್ರಿಯಲ್ಲಿ 48 ತಾಸು ಒಣಗಿಸಿ. ಬೇಗ ಆಗಲೆಂದು ಶಾಖ ಏರಿಸಿದರೆ ಸಕ್ಕರೆಯೂ ಪ್ರೋಟೀನೂ ಕಂದಾಗಿ ಅಂಟಿಕೊಳ್ಳುತ್ತವೆ, ಮೇವೇ ಬದಲಾಗುತ್ತದೆ.

ಪುಡಿ ಮಾಡುವಾಗ ಇನ್ನೊಂದು ಮೋಸ ಕಾದಿರುತ್ತದೆ. 1 ಮಿಲಿಮೀಟರ್ ಜರಡಿಯಲ್ಲಿ ಎಲೆ ಮತ್ತು ಬೆಂಡು ಸಲೀಸಾಗಿ ಇಳಿದು, ದಂಟಿನ ಹೊರಸಿಪ್ಪೆ ಮಾತ್ರ ಸಿಬಿರು ಸಿಬಿರಾಗಿ ಗಿರಣಿಯಲ್ಲೇ ಉಳಿಯುತ್ತದೆ. ಅದನ್ನು ಊದಿ ಚೆಲ್ಲಿದರೆ ಜೀರ್ಣವಾಗದ ಭಾಗವನ್ನೇ ಚೆಲ್ಲಿದಂತೆ. ಅಂಕ ಮೇಲೇರುತ್ತದೆ, ಮೇವು ಇದ್ದಂತೆಯೇ ಇರುತ್ತದೆ. ಸಿಬಿರನ್ನು ಮತ್ತೆ ಮತ್ತೆ ಅರೆದು ಪುಡಿಗೆ ಸೇರಿಸಲೇಬೇಕು. ಕಲಿಸಿದ ಮಾದರಿಗಳನ್ನು ಯಾವ ಜರಡಿಯಲ್ಲಿ ಅರೆದಿದ್ದರೋ ಅದೇ ಜರಡಿ ಇರಲಿ, ಕಣದ ಗಾತ್ರ ಬದಲಾದರೂ ಬೆಳಕು ಚದುರುವ ರೀತಿ ಬದಲಾಗುತ್ತದೆ. ಬುಡದ ದಂಟಿಗೆ ಮೆತ್ತಿದ ಎರೆ ಮಣ್ಣನ್ನು ಝಾಡಿಸಿಬಿಡಿ: ಎರೆಯ ಜೇಡಿಯೂ 2200ರ ಹತ್ತಿರ, ಪ್ರೋಟೀನಿನ ನೆರೆಯಲ್ಲೇ, ಬೆಳಕು ನುಂಗುತ್ತದೆ. ಮಳೆಗಾಲದಲ್ಲಿ ಪುಡಿ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಒಲೆಯಿಂದ ತೆಗೆದದ್ದನ್ನು ಮುಚ್ಚಿದ ಡಬ್ಬಿಯಲ್ಲೇ ಆರಿಸಿ, ಕೋಣೆಯ ಶಾಖಕ್ಕೆ ಬಂದ ಮೇಲೆ ಬಟ್ಟಲಿಗೆ ತುಂಬಬೇಕು. ಹಸಿ ಮೇವಿಗೆ ನೇರವಾಗಿ ಹಿಡಿಯುವ ಕೈಯಂತ್ರಗಳ ದೊಡ್ಡ ತೊಡಕೂ ನೀರೇ. ಉಳಿದೆಲ್ಲ ಗುರುತುಗಳನ್ನು ಅದು ಮುಚ್ಚಿಬಿಡುತ್ತದೆ. ಬೂಷ್ಟಿನ ವಿಷವಂತೂ ಮೇವಿನಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿರುವುದರಿಂದ ಈ ಬೆಳಕಿಗೆ ನೇರವಾಗಿ ಕಾಣುವುದೇ ಇಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅಂಕ ಬಣವಿಯದು. ಇಡೀ ಸೂಡು ಬಿಚ್ಚಿ ಹಾಕಿದರೆ ಎತ್ತು ಎಲೆ ಆರಿಸಿ ತಿಂದು ದಪ್ಪ ದಂಟನ್ನು ಗೋದಲಿಯಲ್ಲೇ ಬಿಡುತ್ತದೆ. ಕುಟ್ಟಿ ಮಾಡಿ ಹಾಕಿದರೆ ಆ ಆಯ್ಕೆ ಕಡಿಮೆ. ಹಾಗಾಗಿ ದನದ ಹೊಟ್ಟೆಗೆ ಏನು ಸೇರಿತೆಂದು ತಿಳಿಯಬೇಕಾದರೆ ಗೋದಲಿಯಲ್ಲಿ ಉಳಿದದ್ದನ್ನು ಬೆಳಿಗ್ಗೆ ತೂಗಿ, ಅದರದೇ ಒಂದು ಮಾದರಿಯನ್ನು ಬೇರೆ ಚೀಲದಲ್ಲಿ, ಬೇರೆ ಚೀಟಿ ಹಚ್ಚಿ ಕಳಿಸಬೇಕು.