ಹಳೇ ಸ್ಟೇಷನ್ ವ್ಯಾಗನ್, ಕೈಯಲ್ಲಿ ಸ್ವಲ್ಪವೇ ದುಡ್ಡು: ಮೊದಲ ಖರ್ಚು ಯಾವುದಕ್ಕೆ?

ಪ್ರಶ್ನೆ: ತುಂಬಾ ವರ್ಷ ಶೆಡ್ಡಿನಲ್ಲಿ ನಿಂತಿದ್ದ ಸ್ಟೇಷನ್ ವ್ಯಾಗನ್ (ಸಾಮಾನಿಡುವ ಹಿಂಭಾಗದವರೆಗೂ ಮಾಡು ಚಾಚಿರುವ ಕಾರು) ಒಂದು ಅಗ್ಗಕ್ಕೆ ಸಿಕ್ಕಿದೆ. ಇಂಜಿನ್ ಚೆನ್ನಾಗಿದೆ ಅಂತ ಕೊಟ್ಟವರು ಹೇಳಿದರು. ಬಣ್ಣ ಹೋಗಿದೆ, ಅಲ್ಲಲ್ಲಿ ತುಕ್ಕು ಹಿಡಿದಿದೆ. ಎಲ್ಲಾ ಒಟ್ಟಿಗೆ ಮಾಡಿಸುವಷ್ಟು ದುಡ್ಡಿಲ್ಲ. ಮೊದಲು ಪೇಂಟ್ ಮಾಡಿಸಿದರೆ ಹುಮ್ಮಸ್ಸು ಬರುತ್ತೆ, ಉಳಿದದ್ದು ಆಮೇಲೆ ನಿಧಾನಕ್ಕೆ ಮಾಡಿಸೋಣ ಅಂದುಕೊಂಡಿದ್ದೇನೆ. ಸರಿನಾ?

ಬೇಡ. ಪೇಂಟ್ ಕೊನೆಗೆ ಇರಲಿ.

ನನ್ನ ಮೊದಲ ವ್ಯಾಗನ್ನಿಗೆ ನಾನೂ ಹಾಗೇ ಮಾಡಿದ್ದೆ. ಪೇಂಟ್ ಆಗಿ ಬಂದ ದಿನ ಗಾಡಿಯ ಸುತ್ತ ತಿರುಗಿ ನೋಡಿದ್ದೇ ನೋಡಿದ್ದು. ಮೂರೇ ತಿಂಗಳಿಗೆ ಹಿಂದಿನ ಚಕ್ರದ ಮೇಲಿನ ಕಮಾನಿನಲ್ಲಿ ಮೊಡವೆಯಷ್ಟು ಗುಳ್ಳೆ ಎದ್ದಿತು. ಉಗುರಿನಲ್ಲಿ ಕೆರೆದೆ. ಬಣ್ಣ ಕಿತ್ತು ಬಂತು. ಬಣ್ಣದ ಹಿಂದೆ ಪುಟ್ಟಿ ಇತ್ತು, ಪುಟ್ಟಿಯ ಹಿಂದೆ ತಗಡೇ ಇರಲಿಲ್ಲ. ವೆಲ್ಡಿಂಗ್ ಮಾಡಿಸುವಾಗ ಸುತ್ತಲಿನ ಹೊಸ ಬಣ್ಣ ಒಂದು ಗೇಣಿನಷ್ಟು ಸುಟ್ಟು ಕಪ್ಪಾಯಿತು. ಒಂದೇ ಜಾಗಕ್ಕೆ ಎರಡು ಸಲ ದುಡ್ಡು ಕೊಟ್ಟೆ.

ಆಮೇಲಿಂದ ನಾನು ಇಟ್ಟುಕೊಂಡ ಕ್ರಮ ಇದು: ಮೊದಲು ಗಾಡಿ ನಿಲ್ಲಬೇಕು, ಅಂದ್ರೆ ಬ್ರೇಕ್ ಹಿಡಿಯಬೇಕು. ಆಮೇಲೆ ಓಡಬೇಕು. ಆಮೇಲೆ ಒಳಗೆ ನೀರು ಬರಬಾರದು. ಚೆಂದ ಕಾಣೋದು ಅದಾದ ಮೇಲೆ. ಇನ್ನೊಂದು ಮಾತು, ಗಾಡಿಯನ್ನು ಪೂರ್ತಿ ಬಿಚ್ಚಿ ಹರಡಬೇಡಿ. ದುಡ್ಡು ಮುಗಿದು ಕೆಲಸ ನಿಂತಾಗ ಯಾವ ಬೋಲ್ಟ್ ಎಲ್ಲಿಯದು ಅನ್ನೋದೂ ಮರೆತಿರುತ್ತದೆ. ಎಷ್ಟೋ ಗಾಡಿಗಳು ಗುಜರಿಗೆ ಹೋಗಿದ್ದು ಹೀಗೆ, ಡಬ್ಬಗಳಲ್ಲಿ ತುಂಬಿಕೊಂಡು. ಒಂದು ಭಾಗ ಬಿಚ್ಚಿ, ಸರಿ ಮಾಡಿ, ಕೂರಿಸಿ. ಆಮೇಲೆ ಮುಂದಿನದು.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಒಂದಿಡೀ ದಿನ ತುಕ್ಕು ಹುಡುಕಿ. ಟಾರ್ಚ್, ಹಳೇ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಆಯಸ್ಕಾಂತ ಸಾಕು. ಆಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ ಅಂತ ಲೆಕ್ಕ. ಅನುಮಾನ ಇದ್ದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ಮೆತ್ತಗೆ ಒಳಗೆ ಹೋಗುತ್ತದೆ. ವ್ಯಾಗನ್ನಿನಲ್ಲಿ ತಪ್ಪದೆ ನೋಡಬೇಕಾದ್ದು ಸ್ಟೆಪ್ನಿ ಕೂರುವ ಗುಂಡಿ, ಡಿಕ್ಕಿ ಡೋರಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ. ಕಾರ್ಪೆಟ್ ಎತ್ತಿ ನೋಡಲು ಮರೆಯಬೇಡಿ. ಅದರ ಅಡಿಯ ದಪ್ಪ ಬಟ್ಟೆ ವರ್ಷಗಟ್ಟಲೆ ನೀರು ಹಿಡಿದಿಟ್ಟುಕೊಂಡು ಮೇಲೆ ಮಾತ್ರ ಒಣಗಿದಂತೆ ಕಾಣುತ್ತದೆ.

ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ವೈರ್ ಬ್ರಶ್ಶಿನಲ್ಲಿ ಉಜ್ಜಿ, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಬಳಿದು, ಒಣಗಿದ ಮೇಲೆ ಪ್ರೈಮರ್ ಹಚ್ಚಿ. ಡಬ್ಬದ ಪ್ರೈಮರ್ ಸಾಕು, ಬಣ್ಣ ಹೊಂದದಿದ್ದರೆ ಹೋಗಲಿ. ಆದರೆ ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಸೀಟ್ ಬೆಲ್ಟ್ ಕಚ್ಚಿರುವ ಜಾಗ ಕೊಳೆತಿದ್ದರೆ ಗಾಡಿಯ ಬಲವೇ ಹೋಗಿದೆ ಅಂತ ಅರ್ಥ. ಅಲ್ಲಿ ಪುಟ್ಟಿ ತುಂಬೋದು ಮೋಸ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಇಂಥ ಜಾಗ ನಾಲ್ಕೈದು ಕಡೆ ಸಿಕ್ಕಿದರೆ ಆ ಗಾಡಿಯನ್ನು ಬಿಡಿಭಾಗಕ್ಕೆ ಇಟ್ಟುಕೊಂಡು ಬೇರೆ ಹುಡುಕೋದೇ ವಾಸಿ. ಬೇಜಾರಾಗುತ್ತದೆ, ಆದರೂ ಬಡ ಬಜೆಟ್ಟನ್ನು ಮುಳುಗಿಸೋದು ಇಂಜಿನ್‌ಗಿಂತ ಜಾಸ್ತಿ ತಗಡೇ.

ಇಂಜಿನ್ನಿಗಿಂತ ಬಾಡಿ ಮುಖ್ಯ ಅನ್ನಲು ಇನ್ನೊಂದು ಕಾರಣ ಇದೆ. ಬಹುಪಾಲು ವ್ಯಾಗನ್‌ಗಳ ಮುಂಭಾಗ ಅದೇ ಮಾಡೆಲ್ಲಿನ ಸೆಡಾನಿನದೇ. ಇಂಜಿನ್, ಗೇರ್‌ಬಾಕ್ಸ್, ಬಾನೆಟ್, ಮುಂದಿನ ಬಾಗಿಲು ಯಾವುದೋ ಗುಜರಿ ಸೆಡಾನಿನಿಂದ ಸಿಗುತ್ತವೆ. ಡಿಕ್ಕಿ ಡೋರ್, ಹಿಂದಿನ ಪಕ್ಕದ ಗಾಜು, ಎಷ್ಟೋ ಮಾಡೆಲ್‌ಗಳಲ್ಲಿ ಹಿಂದಿನ ಲೈಟು ಕೂಡ ವ್ಯಾಗನ್ನಿಗೆ ಮಾತ್ರ ಹೊಂದುವಂಥವು. ಅವು ಸಿಗೋದು ಕಷ್ಟ. ಹಿಂಭಾಗ ಚೆನ್ನಾಗಿದ್ದು ಇಂಜಿನ್ ಕೆಟ್ಟ ವ್ಯಾಗನ್ನನ್ನು ನಾನು ಕಣ್ಣು ಮುಚ್ಚಿ ತಗೊಳ್ತೇನೆ.

ಈಗ ಬ್ರೇಕ್. ಇಲ್ಲಿ ಜುಗ್ಗತನ ಮಾಡಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಸುಮಾರು 2 ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನೋದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವ ಬ್ರೇಕ್ ಸಿಲಿಂಡರ್ ಒಳಗೇ ತುಕ್ಕು ಹಿಡಿಸಿರುತ್ತದೆ. ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಲ್ಲವನ್ನೂ ಬದಲಿಸಿ. ಟೈರಿನ ಟ್ರೆಡ್ (ನೆಲಕ್ಕೆ ತಾಗುವ ಕಡೆಯ ಅಚ್ಚು) ನೋಡಿ ಮೋಸ ಹೋಗಬೇಡಿ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಡಾಟ್ ಕೋಡ್ ಇರುತ್ತದೆ. ಅದರ ಕೊನೆಯ 4 ಅಂಕಿ 2314 ಅಂತಿದ್ದರೆ 2014ನೇ ಇಸವಿಯ 23ನೇ ವಾರ ತಯಾರಾದದ್ದು. 3 ಅಂಕಿ ಮಾತ್ರ ಇದ್ದರೆ 2000ಕ್ಕಿಂತ ಹಿಂದಿನದು. 10 ವರ್ಷ ದಾಟಿದ್ದರೆ ನೋಡಲು ಹೊಸದರಂತಿದ್ದರೂ ಎಸೆಯಿರಿ.

ಇಂಜಿನ್ ಚೆನ್ನಾಗಿದೆ ಅಂತ ಹೇಳಿದರು ಅಂದಿರಿ. ಹೇಳೋರು ಹಾಗೇ ಹೇಳೋದು! ಕೀ ತಿರುಗಿಸಿ ಸೆಲ್ಫ್ ಹೊಡೆಯುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಎಲ್ಲೂ ಕಚ್ಚದೆ ತಿರುಗಿದರೆ ಸಂತೋಷ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಅದು ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಟೈಮಿಂಗ್ ಬೆಲ್ಟ್ (ಪಿಸ್ಟನ್ ಚಲನೆಗೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುವಂತೆ ಮಾಡುವ ಬೆಲ್ಟ್) ಇರುವ ಇಂಜಿನ್ ಆದರೆ ಅದರ ವಯಸ್ಸು ಕೇಳುತ್ತಾ ಕೂರದೆ ಹೊಸದು ಹಾಕಿಸಿ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ವಾಲ್ವ್‌ಗಳಿಗೆ ಹೊಡೆದು ಅವನ್ನು ಬಗ್ಗಿಸಿಬಿಡುತ್ತದೆ.

ಓಡಲು ಶುರುವಾದ ಮೇಲೆ ಕಂಪ್ರೆಷನ್, ಅಂದ್ರೆ ಒಂದೊಂದು ಸಿಲಿಂಡರ್ ಒಳಗೆ ಏಳುವ ಒತ್ತಡ, ನೋಡಿಸಿ. ಮೂರು ಸಿಲಿಂಡರ್ 150 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿ ಒಂದು 90 ತೋರಿಸಿದರೆ, ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಪೂರ್ತಿ ಇಂಜಿನ್ ಕೆಲಸ ಮಾಡಿಸಿ ಅಂತ ಯಾರಾದರೂ ಹೇಳುವ ಮುಂಚೆ ಈ ಅಂಕಿ ನಿಮ್ಮ ಕೈಯಲ್ಲಿ ಇರಲಿ.

ಇನ್ನು ಡಿಕ್ಕಿ ಡೋರಿನ ಕಥೆ. ನನ್ನ ಗಾಡಿಯಲ್ಲಿ ಆ ಡೋರ್ ಎತ್ತಿದಾಗಲೆಲ್ಲ ಒಂದು ಫ್ಯೂಸ್ ಹೋಗುತ್ತಿತ್ತು. ವಾರಗಟ್ಟಲೆ ಫ್ಯೂಸ್ ಹಾಕಿದ್ದೇ ಹಾಕಿದ್ದು. ಕೊನೆಗೆ ಕೀಲಿನ ಹತ್ತಿರ ಮಾಡಿಗೂ ಡೋರಿಗೂ ನಡುವೆ ಇರುವ ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಬಿಚ್ಚಿದೆ. ಒಳಗೆ ಐದಾರು ವೈರು, ಪ್ರತಿ ಸಲ ಡೋರ್ ತೆರೆದಾಗ ಒಂದೇ ಜಾಗದಲ್ಲಿ ಮಡಚಿ ಮಡಚಿ ಪ್ಲಾಸ್ಟಿಕ್ ಒಡೆದಿತ್ತು. ಎರಡು ವೈರಿನ ತಾಮ್ರ ಹಸಿರುಗಟ್ಟಿ ಒಂದಕ್ಕೊಂದು ತಾಗುತ್ತಿತ್ತು. ಹಿಂದಿನ ವೈಪರ್, ನಂಬರ್ ಪ್ಲೇಟ್ ಲೈಟು, ಗಾಜಿನ ಹೀಟರ್ ಯಾವುದೇ ಕೈಕೊಟ್ಟರೂ ನಾನು ಮೊದಲು ಬಿಚ್ಚೋದು ಆ ಕೊಳವೆಯನ್ನೇ. ರಿಪೇರಿಗೆ ಬೇಕಾದ್ದು ಮೆತ್ತನೆಯ ವೈರಿನ ತುಂಡು, ಒಂದು ಮಧ್ಯಾಹ್ನ. ಬೆಸೆದ ಜಾಗ ಮಡಚುವ ಕಡೆ ಬಾರದಂತೆ, ಎಲ್ಲಾ ಬೆಸುಗೆ ಒಂದೇ ಸಾಲಿನಲ್ಲಿ ಬೀಳದಂತೆ ನೋಡಿಕೊಳ್ಳಿ.

ಅದೇ ಡೋರಿನ ರಬ್ಬರ್ ಬೀಡಿಂಗ್ ಬಗ್ಗೆ ಉದಾಸೀನ ಬೇಡ. ಇದು ಬರೀ ನೀರಿನ ಪ್ರಶ್ನೆ ಆಗಿದ್ದರೆ ಬಕೆಟ್ ಇಟ್ಟುಕೊಂಡು ನಡೆಸಬಹುದಿತ್ತು. ಓಡುವ ವ್ಯಾಗನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಬೀಡಿಂಗ್ ಸಡಿಲ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಡಿಕ್ಕಿ ಡೋರ್ ತೆರೆದಿಟ್ಟು ಉದ್ದದ ಸಾಮಾನು ಸಾಗಿಸೋದೂ ಇದೇ ಕಾರಣಕ್ಕೆ ಅಪಾಯ. ಪರೀಕ್ಷೆ ಸುಲಭ: ಬೀಡಿಂಗಿಗೆ ಸುತ್ತಲೂ ಸೀಮೆಸುಣ್ಣ ಬಳಿದು ಡೋರ್ ಹಾಕಿ ತೆಗೆಯಿರಿ. ಎದುರಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ಸಂದು ಇದೆ. ಎಷ್ಟೋ ಸಲ ಹೊಸ ಬೀಡಿಂಗ್ ಕೂಡ ಬೇಡ, ಲಾಕಿನ ಕೊಂಡಿಯನ್ನು ಎರಡು ಮಿಲಿಮೀಟರ್ ಒಳಗೆ ಸರಿಸಿದರೆ ಸಾಕು. ಸೈಲೆನ್ಸರಿನಲ್ಲಿ ತೂತಿದ್ದರೆ ಅದನ್ನೂ ಇದರ ಜೊತೆಗೇ ಮುಚ್ಚಿಸಿ.

ಡೋರನ್ನು ಕೋಲು ಕೊಟ್ಟು ನಿಲ್ಲಿಸುವ ಸ್ಥಿತಿ ಇದ್ದರೆ ಡೋರನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಬದಲಿಸಿ. ಹಳೆಯದರ ಮೇಲೆ ಅದರ ಬಲದ ಅಂಕಿ ನ್ಯೂಟನ್‌ನಲ್ಲಿ (N) ಇರುತ್ತದೆ, ಅದೇ ಅಂಕಿ, ಅದೇ ಉದ್ದ ತಗೊಳ್ಳಿ. ಬಿಚ್ಚುವಾಗ ಆ ಕೋಲು ಇರಲಿ. ಕತ್ತು ನಿಮ್ಮದು.

ಪೇಂಟ್ ಯಾವಾಗ ಅಂತ ಕೇಳಿದರೆ, ಗಾಡಿ ಒಂದು ಮಳೆಗಾಲ ಪೂರ್ತಿ ಹೊರಗೆ ನಿಂತು, ಕಾರ್ಪೆಟ್ ಅಡಿ ಒಣಗಿಯೇ ಇದ್ದ ಮೇಲೆ. ಅಲ್ಲಿಯವರೆಗೆ ಹುಮ್ಮಸ್ಸಿಗೆ ಬೇಕಿದ್ದರೆ ಬಾನೆಟ್ ಮೇಲಿನ ಮಂಕಾದ ಬಣ್ಣಕ್ಕೆ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್) ಹಾಕಿ ಒಂದು ಅಂಗೈ ಅಗಲ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣವೇ ಅಂಟಿ, ಕೆಳಗಿನಿಂದ ಹೊಳಪು ಎದ್ದರೆ ಉಳಿದದ್ದನ್ನೂ ಹಾಗೇ ಉಜ್ಜಬಹುದು. ನನ್ನ ಎರಡನೇ ವ್ಯಾಗನ್ನಿನ ಬಾನೆಟ್ ಇವತ್ತಿಗೂ ಅದೇ ಹಳೇ ಬಣ್ಣದಲ್ಲಿದೆ.